ಚಿಕ್ಕವನ ಮಂಡಿ, ದೊಡ್ಡವಳ ಬೆನ್ನು

ನಾಲ್ಕು ವರ್ಷದ ಪುಟ್ಟ ನಿಂತರೆ ಮಂಡಿಗಳು ಒಂದಕ್ಕೊಂದು ತಾಗುತ್ತಿದ್ದವು, ಪಾದಗಳು ದೂರ ಉಳಿಯುತ್ತಿದ್ದವು, ಹೊಟ್ಟೆ ಮುಂದೆ ಬರುತ್ತಿತ್ತು. ಅದಕ್ಕೆ ಮದ್ದು ಹೇಳದವರು ಆ ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ಅವನ ಅಮ್ಮನಿಗೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಅತ್ತೆಯಂತೂ ಒಂದು ದಿನ ಮಧ್ಯಾಹ್ನ ಮಲಗಿದ್ದ ಮೊಮ್ಮಗನ ಮಂಡಿಗಳ ನಡುವೆ ದಿಂಬು ತುರುಕಿ, ಕಾಲು ಬಿಗಿದು ಕಟ್ಟಿಬಿಟ್ಟಿದ್ದರು. ಮಗು ಕಿರುಚಿಕೊಂಡು ಎದ್ದಿತು.

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಮಗೂನ ಅದರ ಪಾಡಿಗೆ ಬಿಡಿ" ಎಂದು ಸೊಸೆ ಗಂಟು ಬಿಚ್ಚಿದಳು.

"ನಾನೇನು ಅವನಿಗೆ ಹಗೆಯಾ? ಕಾಲು ಹೀಗೇ ಉಳಿದ್ರೆ ಆಮೇಲೆ ನನ್ನ ಕೇಳ್ಬೇಡ."

ಅಷ್ಟರಲ್ಲಿ ಹನ್ನೆರಡು ವರ್ಷದ ಮಗಳು ಹೊಸ ಸಮವಸ್ತ್ರ ತೊಟ್ಟು ಬಂದಳು. ಬಿಚ್ಚಿ ಬಿಚ್ಚಿ ಹೊಲಿದರೂ ಲಂಗದ ಅಂಚು ಒಂದು ಕಡೆ ಇಳಿದೇ ಇತ್ತು. ಅಮ್ಮನ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು.

"ಸೋಮಾರಿ, ನೆಟ್ಟಗೆ ನಿಂತ್ಕೋ ಅಂತ ಎಷ್ಟು ಬಡ್ಕೋಬೇಕು ನಾನು?"

"ನೆಟ್ಟಗೇ ನಿಂತಿದೀನಮ್ಮ."

ಅದೇ ಹೊತ್ತಿಗೆ ಪುಟ್ಟನ ಲಸಿಕೆ ವಿಚಾರಿಸಲು ಬಂದ ನರ್ಸಮ್ಮನಿಗೆ ಅತ್ತೆ ಮೊದಲು ಮೊಮ್ಮಗನ ಕಾಲನ್ನೇ ತೋರಿಸಿ, ಕಟ್ಟಿದ್ದನ್ನೂ ಹೇಳಿದರು. ನರ್ಸಮ್ಮ ಅವನನ್ನು ನಡೆಸಿ ನೋಡಿದರು.

"ಎರಡೂ ಕಾಲು ಒಂದೇ ಥರ ಇವೆ, ನೋವಿಲ್ಲ, ಕುಂಟ್ತಾ ಇಲ್ಲ. ನಡೆಯೋಕೆ ಕಲಿಯುವಾಗ ಕಾಲು ಬಿಲ್ಲಿನ ಹಾಗೆ ಹೊರಗೆ ಬಾಗಿರತ್ತೆ, ಈ ವಯಸ್ಸಲ್ಲಿ ಮಂಡಿ ಕೂಡತ್ತೆ. ಏಳೆಂಟು ವರ್ಷದ ಹೊತ್ತಿಗೆ ಸಾಮಾನ್ಯವಾಗಿ ತಾನೇ ಸರಿಹೋಗತ್ತೆ. ಹೊಟ್ಟೇನೂ ಅಷ್ಟೇ. ಕಟ್ಟಬೇಡಿ ಅಜ್ಜಿ."

"ಹಾಗೇ ಬಿಟ್ರೆ ಸರಿಹೋಗತ್ತಾ? ನಾನು ನಂಬಲ್ಲ" ಎಂದರು ಅತ್ತೆ.

ನರ್ಸಮ್ಮನ ಕಣ್ಣು ಹುಡುಗಿಯ ತುಸು ಮೇಲೆದ್ದಿದ್ದ ಬಲ ಹೆಗಲ ಮೇಲಿತ್ತು. "ಬಾಮ್ಮ, ಕೈ ಜೋಡಿಸಿ ಮುಂದಕ್ಕೆ ಬಗ್ಗು."

ಹುಡುಗಿ ಬಗ್ಗಿದಳು. ಬೆನ್ನಿನ ಬಲಭಾಗ ಸಣ್ಣ ದಿಬ್ಬದಂತೆ ಎದ್ದು ನಿಂತಿತು. ಅವಳ ಬಟ್ಟೆಗಳನ್ನೆಲ್ಲ ತಾನೇ ಅಳತೆ ತೆಗೆದು ಹೊಲಿದಿದ್ದ ಅಮ್ಮ ಅದನ್ನು ಈಗಷ್ಟೇ ಕಂಡಳು.

"ಇದು ಸೋಮಾರಿತನ ಅಲ್ಲ, ಬೆನ್ನುಮೂಳೆ ಪಕ್ಕಕ್ಕೆ ಬಾಗ್ತಾ ಇರಬಹುದು. ಬೆಳೆಯೋ ವಯಸ್ಸು, ತಡಮಾಡದೆ ಡಾಕ್ಟರಿಗೆ ತೋರಿಸಿ."

ಎಕ್ಸ್-ರೇಯಲ್ಲಿ ಅದೇ ಕಂಡಿತು. ಬಾಗು ಹೆಚ್ಚದಂತೆ ಡಾಕ್ಟರು ಬೆನ್ನಿಗೆ ಗಟ್ಟಿ ಕವಚ ಕೊಟ್ಟರು. ಇನ್ನೂ ತಡವಾಗಿದ್ದರೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತಿತ್ತೇನೋ ಎಂದರು.

ಮನೆಗೆ ಬರುವ ದಾರಿಯಲ್ಲಿ ಅಮ್ಮ, "ಸುಮ್ಸುಮ್ನೆ ಬೈದೆ ಕಣೇ" ಎಂದಳು. ಮಗಳು ಅಮ್ಮನ ಕೈ ಹಿಡಿದುಕೊಂಡಳು.

ಈಗ ಅತ್ತೆಯ ಕಾಟ ಬೀದಿಯವರಿಗೆ. ಮೊಮ್ಮಗನ ಕಾಲಿನ ಸುದ್ದಿ ಎತ್ತಿದವರಿಗೆಲ್ಲ, "ಅದು ಬೆಳೀತಾ ಸರಿಹೋಗತ್ತೆ. ಮೊದಲು ನಿಮ್ಮ ಮಗಳನ್ನ ಕರೀರಿ, ಬೆನ್ನು ನೋಡೋಣ" ಎನ್ನುತ್ತಾರೆ.

ನೀವೂ ನೋಡಿ. ಚಿಕ್ಕ ಮಗುವಿಗೆ ನೋವಿದ್ದರೆ, ಕುಂಟುತ್ತಿದ್ದರೆ, ಒಂದೇ ಕಾಲು ಬಾಗಿದ್ದರೆ ಡಾಕ್ಟರಿಗೆ ತೋರಿಸಿ. ಎತ್ತರಕ್ಕೆ ಬೆಳೆಯುತ್ತಿರುವ ಮಕ್ಕಳನ್ನು, ಗಂಡಾಗಲಿ ಹೆಣ್ಣಾಗಲಿ, ಆಗಾಗ ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡಿ. ಬೆನ್ನು ಒಂದು ಕಡೆ ಉಬ್ಬಿದ್ದರೆ ಬೈಯುತ್ತ ಕೂರಬೇಡಿ. ಆಸ್ಪತ್ರೆಗೆ ಹೊರಡಿ.