ಗಂಡಸರ ಅಳತೆ

ನಮ್ಮ ಹೊಲಿಗೆ ಅಂಗಡಿಯಲ್ಲಿ ಇರುವುದು ಒಂದೇ ನಿಯಮ. ಗಂಡಸರ ಅಳತೆ ನಾನು ತೆಗೆಯಬೇಕು, ಹೆಂಗಸರದ್ದು ನನ್ನ ಹೆಂಡತಿ. ಮದುವೆಯಾದ ವಾರವೇ ನಾನು ಹಾಕಿದ್ದು. ಯಾಕೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹತ್ತೊಂಬತ್ತು ವರ್ಷ ಹಾಗೇ ನಡೆಯಿತು.

ಹೋದ ತಿಂಗಳು ಸ್ಟೂಲಿನಿಂದ ಬಿದ್ದು ಎಡಗೈ ಮುರಿದುಕೊಂಡೆ. ಒಂದೇ ಕೈಯಲ್ಲಿ ಟೇಪು ಹಿಡಿಯಲಾಗದು. ಬಂದ ಗಂಡಸರನ್ನೆಲ್ಲ ಮುಂದಿನ ತಿಂಗಳು ಬನ್ನಿ ಎಂದು ಕಳಿಸುತ್ತಿದ್ದೆ. ಎದುರಿನ ಕನ್ನಡಕದಂಗಡಿಯವನು ಮಾತ್ರ ಜಗ್ಗಲಿಲ್ಲ. ಆಸಾಮಿ ನೋಡಲು ಲಕ್ಷಣವಾಗಿದ್ದಾನೆ, ಬಾಯಿ ಬೇರೆ ಜೋರು.

“ಮಾಸ್ಟರೇ, ಶನಿವಾರ ತಮ್ಮನ ಮದುವೆ. ಹರಕು ಅಂಗೀಲಿ ಹೋಗ್ಲಾ? ಮೇಡಂ ಇದ್ದಾರಲ್ಲ, ಅವರೇ ತಗೊಳ್ಲಿ.”

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಕೊರಳಿನ ಟೇಪು ತೆಗೆದೇಬಿಟ್ಟಳು. “ನೀವು ಬರ್ಕೊಳ್ಳಿ” ಎಂದು ಅಳತೆ ಪುಸ್ತಕ ನನ್ನತ್ತ ತಳ್ಳಿದಳು.

“ಭುಜ ಹದಿನೆಂಟು.” ಎದೆಗೆ ಟೇಪು ಸುತ್ತಿದಳು. “ನಲವತ್ತು.”

“ಉಸಿರು ಬಿಡ್ಲಾ ಮೇಡಂ, ಹಿಡ್ಕೊಂಡೇ ಇರ್ಲಾ?” ಎಂದ ಆ ಬೇಕೂಫ.

“ಬಿಡಿ ಬಿಡಿ. ಹೊಟ್ಟೇನ ಎಷ್ಟೊತ್ತು ಬಚ್ಚಿಡ್ತೀರಾ?” ಎಂದು ನಕ್ಕಳು.

ನನ್ನ ಜೊತೆ ಹಾಗೆ ನಕ್ಕು ಎಷ್ಟು ದಿನವಾಗಿತ್ತೋ! “ಕೊರಳು ಹದಿನೈದು” ಎಂದಳು. ನಾನು ಹದಿಮೂರು ಎಂದು ಬರೆದೆ. ಗುಂಡಿ ಹಾಕಿಕೊಂಡು ಸಾಯಲಿ. ಇನ್ನೊಮ್ಮೆ ಈ ಹೊಸ್ತಿಲು ತುಳಿಯಬಾರದು.

ಶುಕ್ರವಾರ ಬಂದು ಅಂಗಿ ತೊಟ್ಟ. ಮೇಲಿನ ಗುಂಡಿ ಸಲೀಸಾಗಿ ಕೂತಿತು. ಕನ್ನಡಿಯ ಮುಂದೆ ಎರಡು ಸುತ್ತು ತಿರುಗಿ, “ಮೇಡಂ ಕೈಯೇ ಕೈ!” ಎಂದು ಹೋದ.

ಪುಸ್ತಕ ತೆಗೆದು ನೋಡಿದೆ. ಹದಿಮೂರು ಹಾಗೇ ಇತ್ತು.

“ನೀನು ಕತ್ತರಿಸಿದ್ದು ಎಷ್ಟಕ್ಕೆ?”

“ಹದಿನೈದಕ್ಕೆ. ಹದಿಮೂರು ಸ್ಕೂಲ್ ಮಕ್ಕಳ ಕೊರಳು ಕಣ್ರೀ.”

“ಓಹೋ! ಅವನ ಅಳತೆಯೆಲ್ಲ ಬಾಯಿಪಾಠವೋ?”

ಅವಳು ಮಷಿನ್ ನಿಲ್ಲಿಸಿದಳು. “ನಿಮ್ಮ ಕೊರಳು ಹದಿನೈದೂವರೆ. ಎಡಭುಜ ಅರ್ಧ ಇಂಚು ಇಳಿದಿದೆ. ಸೊಂಟ ಮದುವೇಲಿ ಮೂವತ್ತು, ಈಗ ಮೂವತ್ತೆಂಟು.”

“ನನ್ನನ್ನು ಯಾವತ್ತು ಅಳೆದೆ?”

“ಗಂಡಸರಿಗೆ ಟೇಪು ಹಿಡೀಬೇಡ ಅಂದ್ರಲ್ಲ. ಕಣ್ಣಲ್ಲೇ ಅಳೆಯೋದು ಕಲಿತೆ.”

“ಅಂದ್ರೆ ಇಷ್ಟು ವರ್ಷ ಬಂದ ಗಂಡಸರನ್ನೆಲ್ಲ...”

“ಹೂಂ, ಎಲ್ಲರನ್ನೂ. ನಿಯಮ ಹಾಕಿ ಹತ್ತೊಂಬತ್ತು ವರ್ಷ ಆಯ್ತು. ನಿಮ್ಮ ಹೊಟ್ಟೆಕಿಚ್ಚು ಒಂದಿಂಚಾದ್ರೂ ಕಮ್ಮಿ ಆಯ್ತಾ? ಈಗ ನನ್ನದೂ ಒಂದು ನಿಯಮ ಕೇಳಿ. ಇನ್ನೊಂದ್ಸಲ ಸುಳ್ಳು ಅಳತೆ ಬರೆದ್ರೆ ನಾನು ಈ ಮಷಿನ್ ತುಳಿಯಲ್ಲ. ಅಂಗಡಿ ನೀವೊಬ್ಬರೇ ನೋಡ್ಕೊಳ್ಳಿ.”

ಅವಳು ಸುಮ್ಮನೆ ಹೇಳುವವಳಲ್ಲ.

ಸೋಮವಾರ ಅವನು ಮತ್ತೆ ಬಂದ. ಈ ಸಲ ಪ್ಯಾಂಟಿಗೆ. ಪ್ಯಾಂಟಿಗಂತೆ! ಹಲ್ಲು ಕಚ್ಚಿಕೊಂಡು ನಾನೇ ಟೇಪನ್ನು ಅವಳ ಕೈಗೆ ಕೊಟ್ಟೆ.

“ಸೊಂಟ ಮೂವತ್ತನಾಲ್ಕು.”

ಮೂವತ್ತನಾಲ್ಕು ಎಂದೇ ಬರೆದೆ. ಒತ್ತಿದ ರಭಸಕ್ಕೆ ಪೆನ್ಸಿಲಿನ ಮೊನೆ ಮುರಿಯಿತು. ಅವಳು ಇನ್ನೊಂದು ಪೆನ್ಸಿಲ್ ನನ್ನ ಕೈಗಿಟ್ಟು, “ಉದ್ದ ನಲವತ್ತು” ಎಂದಳು.