ಗುರುವಾರ ಮಧ್ಯಾಹ್ನದ ಪೇಷಂಟು

"ಎಳೀಬೇಡಿ, ಎಳೆದ್ರೆ ಬರಲ್ಲ. ತಿರುಗಿಸ್ಬೇಕು," ಎನ್ನುತ್ತ ರಮಾ ಆ ಇಬ್ಬರು ಹೆಂಗಸರನ್ನು ಪಕ್ಕಕ್ಕೆ ಸರಿಸಿದಳು.

ಫ್ಯೂನರಲ್ ಹೋಮಿನ ಹಿಂದಿನ ಕೋಣೆಯಲ್ಲಿ ವಾಣಿಶ್ರೀಗೆ ಸೀರೆ ಉಡಿಸುವ ಕೆಲಸ ಅರ್ಧಕ್ಕೆ ನಿಂತಿತ್ತು. ಕನ್ನಡ ಕೂಟದಿಂದ ಬಂದಿದ್ದ ಇಬ್ಬರೂ ದೇಹದ ಕೆಳಗೆ ಸಿಕ್ಕಿಕೊಂಡ ಸೆರಗನ್ನು ಎಳೆದೂ ಎಳೆದೂ ಸೋತಿದ್ದರು. ರಮಾ ಒಂದು ಕೈಯನ್ನು ಭುಜಕ್ಕೆ, ಇನ್ನೊಂದನ್ನು ಸೊಂಟಕ್ಕೆ ಕೊಟ್ಟು ತನ್ನ ಮೈಭಾರವನ್ನು ಹಿಂದಕ್ಕೆ ಬಿಟ್ಟಳು. ದೇಹ ಒಂದೇ ಸಲಕ್ಕೆ ಮಗ್ಗುಲಾಯಿತು. ಎಂಟು ವರ್ಷದ ಹಿಂದೆ ತಾನು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಸೇರಿದ ಮೊದಲ ವಾರ ಇದನ್ನು ಹೇಳಿಕೊಟ್ಟವಳು ವಾಣಿಶ್ರೀಯೇ.

ಎಡಗಾಲಿನ ಮೀನಖಂಡ ಈಗಲೂ ಬಲಗಾಲಿನದಕ್ಕಿಂತ ದಪ್ಪವಾಗಿತ್ತು. ರಮಾ ಅದರ ಮೇಲೆ ಬೇಗ ನೆರಿಗೆ ಇಳಿಬಿಟ್ಟಳು.

ಬಾಗಿಲಲ್ಲಿ ವಾಣಿಶ್ರೀಯ ಮಗಳು ನಿಸರ್ಗಾ ನಿಂತಿದ್ದಳು. ಹತ್ತೊಂಬತ್ತು ವರ್ಷ, ಶನಿವಾರ ಕಾಲೇಜಿನ ಹಾಸ್ಟೆಲ್ಲಿನಿಂದ ಬಂದವಳು ಇನ್ನೂ ಅದೇ ಬಟ್ಟೆಯಲ್ಲಿದ್ದಳು. ಒಳಗೆ ಬರಲಿಲ್ಲ, ಹೊರಗೂ ಹೋಗಲಿಲ್ಲ.

ಮುಂದಿನ ಹಾಲ್‌ನಲ್ಲಿ ಸೇರಿದ್ದವರಲ್ಲಿ ಹೆಚ್ಚಿನವರು ವಾಣಿಶ್ರೀಯ ಗಂಡ ಜಯರಾಮನ ಕಂಪನಿಯವರು. ಅವನು ಹಳೆಯ ಕೆಲಸ ಬಿಟ್ಟು ಈ ಸ್ಟಾರ್ಟಪ್ಪಿಗೆ ಸೇರಿ ವರ್ಷವಾಗಿತ್ತು.

"ಪಾಪ, ಕಂಪನಿ ಪಬ್ಲಿಕ್ಕಿಗೆ ಹೋಗಿ ಶೇರು ಬಿಡಕ್ಕೆ ಮೂರೇ ವಾರ ಇತ್ತು."

"ಡೇಟು ಮುಂದಕ್ಕೆ ಹೋಗುತ್ತಾ?"

"ಛೇ, ಅದೆಲ್ಲ ನಿಲ್ಲಲ್ಲ ಬಿಡ್ರೀ."

ಜಯರಾಮ್ ರಮಾಳನ್ನು ಕಂಡು ಹತ್ತಿರ ಬಂದ. ಕೋಟಿನ ಜೇಬಿನಿಂದ ಒಂದು ಚೀಟಿ ತೆಗೆದ.

"ರಮಾ ಅವರೇ, ನಾನೂ ನಾಲ್ಕು ಮಾತು ಹೇಳ್ಬೇಕಂತೆ. ವಾಣಿ ಕ್ಲಿನಿಕ್ಕಲ್ಲಿ ಎಕ್ಸಾಕ್ಟಾಗಿ ಏನ್ ಮಾಡ್ತಿದ್ಲು? ಅಂದ್ರೆ, ಫಿಸಿಯೋ ಅಂತ ಗೊತ್ತು. ಆದ್ರೆ ದಿನಾ ಏನು?"

ರಮಾ ಅವನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಕಣ್ಣು ಕೆಂಪಾಗಿತ್ತು.

"ನಡೆಯೋದು ಹೇಳಿಕೊಡ್ತಿದ್ರು. ನಡೆಸೋದು ಹ್ಯಾಗೆ ಅಂತಲೂ ಹೇಳಿಕೊಡ್ತಿದ್ರು," ಎಂದಳು.

ಜಯರಾಮ್ ಅದನ್ನು ಚೀಟಿಯಲ್ಲಿ ಬರೆದುಕೊಂಡ.

*

ವಾಣಿಶ್ರೀ ಮದ್ದೂರಿನ ಹತ್ತಿರದವಳು. ಪೋಲಿಯೊ ಬಂದಿದ್ದ ತಮ್ಮ ಶಿವರಾಮುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಾಲ್ಕು ವರ್ಷ ಶಾಲೆಗೆ ಹೊತ್ತಿದ್ದಳು. ಒಮ್ಮೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ, ಬಿಳಿ ಕೋಟಿನ ಹೆಂಗಸೊಬ್ಬಳು ಅವನನ್ನು ಹೊತ್ತುಕೊಳ್ಳದೆ, ಬರೀ ಎರಡು ಬೆರಳ ಆಸರೆ ಕೊಟ್ಟು ನಿಲ್ಲಿಸಿದಳು. ತಾನು ಇಷ್ಟು ದಿನ ಹೊತ್ತದ್ದೇ ತಪ್ಪಾಯಿತಲ್ಲ ಎಂದು ಹನ್ನೆರಡರ ಹುಡುಗಿ ಬಸ್ಸಿನ ದಾರಿಯುದ್ದಕ್ಕೂ ಅತ್ತಿದ್ದಳಂತೆ. ಆಮೇಲೆ ಹಟ ಹಿಡಿದು ಆ ಫಿಸಿಯೋಥೆರಪಿಯನ್ನೇ ಓದಿದಳು.

ಮದುವೆಯಾಗಿ ಅಮೆರಿಕಕ್ಕೆ ಬಂದಾಗ ಆ ಓದು ಇಲ್ಲಿ ನಡೆಯುವುದಿಲ್ಲ ಎಂದರು. ಮಗುವನ್ನು ಮಲಗಿಸಿ ಮತ್ತೆ ಓದಿ, ಮತ್ತೆ ಪರೀಕ್ಷೆ ಬರೆದು, ಅದಾಗುವವರೆಗೆ ಆಸ್ಪತ್ರೆಯೊಂದರಲ್ಲಿ ಟವೆಲು ಮಡಚಿದಳು. ಕೊನೆಗೆ ಸ್ಯಾನ್ ಮಟಿಯೋದಲ್ಲಿ ಯೂನಿವರ್ಸಿಟಿಯೊಂದು ನಡೆಸುತ್ತಿದ್ದ ಸಮುದಾಯ ಕ್ಲಿನಿಕ್ಕಿಗೆ ಸೇರಿದಳು. ಇನ್ಶೂರೆನ್ಸ್ ಇಲ್ಲದವರು ಅಲ್ಲಿಗೆ ಬರುತ್ತಿದ್ದರು. ಏಣಿಯಿಂದ ಬಿದ್ದ ಪೇಂಟರು, ಹೋಟೆಲಿನಲ್ಲಿ ಪಾತ್ರೆ ತೊಳೆದು ಸೊಂಟ ಹಿಡಿದವರು, ಮಕ್ಕಳ ಮನೆಗೆಂದು ಬಂದು ಇಲ್ಲಿ ಲಕ್ವ ಹೊಡೆದ ಮುದುಕರು. ಅವರ ಮೈಮೇಲೆ ವಿದ್ಯಾರ್ಥಿಗಳು ಕೆಲಸ ಕಲಿಯುತ್ತಿದ್ದರು, ವಾಣಿಶ್ರೀ ಪಕ್ಕದಲ್ಲಿ ನಿಂತು ಕಲಿಸುತ್ತಿದ್ದಳು.

ಪ್ರತಿ ಹೊಸ ಬ್ಯಾಚಿಗೂ ಅವಳ ಮೊದಲ ಪಾಠ ಒಂದೇ. ಒಂದೇ ಕಾಲು ಊದಿದೆಯೇ, ಮೀನಖಂಡ ಬಿಸಿಯಿದೆಯೇ, ಹಾಗಾದರೆ ಉಜ್ಜಬೇಡಿ, ನಡೆಸಬೇಡಿ, ತಕ್ಷಣ ಎಮರ್ಜೆನ್ಸಿಗೆ ಕಳಿಸಿ. ಒಳಗೆ ಹೆಪ್ಪುಗಟ್ಟಿದ ರಕ್ತ ಎದೆಗೆ ಹೋದರೆ ಮುಗಿಯಿತು.

ಹಾಸನದ ಯೋಗಾನಂದ ಅಂಥದೊಂದು ಬ್ಯಾಚಿನಲ್ಲಿದ್ದ. ಇಲ್ಲೇ ಡಾಕ್ಟರೇಟು ಮಾಡಿ ಕ್ಲಿನಿಕ್ಕಿನ ಡೈರೆಕ್ಟರಾದ. ವಾಣಿಶ್ರೀ ಹನ್ನೊಂದು ವರ್ಷವೂ ವರ್ಷ ವರ್ಷ ನವೀಕರಿಸುವ ತಾತ್ಕಾಲಿಕ ಬೋಧಕಿಯಾಗಿಯೇ ಉಳಿದಳು. ಕಟ್ಟಡ ಯಾವುದೋ ಡಾಟ್‌ಕಾಮ್ ಕಂಪನಿಯ ಪಾಲಾಗುತ್ತದೆ, ಮಾರ್ಚ್ ಕೊನೆಗೆ ಕ್ಲಿನಿಕ್ ಮುಚ್ಚುತ್ತದೆ ಎಂಬ ಕಾಗದ ಈ ಜನವರಿಯಲ್ಲಿ ಬಂದಾಗ ಅದರ ಕೆಳಗಿದ್ದದ್ದು ಅವನ ಸಹಿ.

*

"ವಾಣಿ ಮೇಡಂ ನಮ್ಮ ಕ್ಲಿನಿಕ್ಕಿನ ಆತ್ಮ," ಎಂದು ಯೋಗಾನಂದ ಮೈಕಿನ ಮುಂದೆ ಹೇಳುತ್ತಿದ್ದ. "ನನಗೆ ಗೊತ್ತಿರೋದೆಲ್ಲ ಅವರು ಕೈ ಹಿಡಿದು ಕಲಿಸಿದ್ದು. ಒಂದು ದಿನ ಕಂಪ್ಲೇಂಟ್ ಮಾಡಿದೋರಲ್ಲ."

ಕಾಗದ ಬಂದ ಮರುದಿನ ವಾಣಿಶ್ರೀ ಅವನ ಕೋಣೆಗೆ ಹೋಗಿ ಮುಕ್ಕಾಲು ಗಂಟೆ ಜಗಳವಾಡಿದ್ದು ರಮಾಳಿಗೆ ಗೋಡೆಯಾಚೆಯಿಂದ ಕೇಳಿಸಿತ್ತು. ಈಗ ರಮಾ ತಲೆತಗ್ಗಿಸಿದಳು. ಅವನ ಸುಳ್ಳನ್ನು ಎತ್ತಿ ತೋರಿಸುವ ಬಾಯಿ ಅವಳಿಗೆ ಉಳಿದಿರಲಿಲ್ಲ.

*

ಹೋದ ಗುರುವಾರ ವಾಣಿಶ್ರೀ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದಳು. ಎರಡು ವಾರದಿಂದ ತಡರಾತ್ರಿಯವರೆಗೆ ಕುರ್ಚಿ ಬಿಟ್ಟೇಳದೆ, ಮುಚ್ಚುವುದರೊಳಗೆ ಒಬ್ಬೊಬ್ಬ ಪೇಷಂಟಿಗೂ ಬೇರೆ ಜಾಗ ಹುಡುಕಿ ಪತ್ರ ಬರೆಯುತ್ತಿದ್ದಳು.

"ವಾಣಕ್ಕ, ಏನಿದು? ಒಂದೇ ಕಾಲು ಊದಿದೆ."

"ಗೊತ್ತು ಕಣೆ."

"ಗೊತ್ತಿದ್ದೂ ಕೂತಿದ್ದೀರಲ್ಲ! ಈಗ್ಲೇ ಹೋಗಿ."

"ಹೋಗ್ತೀನಿ. ಮಧ್ಯಾಹ್ನದ ನಾಲ್ಕು ಜನ ಇದ್ದಾರೆ, ನೀನು ನೋಡ್ಕೊತೀಯಾ? ಕೊನೇಲಿ ಬಂಗಾರೆವ್ವ. ಸೇತುವೆ ದಾಟಿ ಡಬ್ಲಿನ್ನಿಂದ ಬರ್ತಾರೆ, ವಾಪಸ್ ಕಳ್ಸೋಕಾಗಲ್ಲ."

ಎರಡು ಗಂಟೆಗೆ ರಮಾಳಿಗೆ ಇಂಟರ್‌ವ್ಯೂ ಇತ್ತು, ಕೊಲ್ಲಿಯಾಚೆಯ ಆ ಡಬ್ಲಿನ್ ಊರಿನಲ್ಲೇ ಹೊಸದಾಗಿ ತೆರೆದಿದ್ದ ಖಾಸಗಿ ಕ್ಲಿನಿಕ್ಕೊಂದರಲ್ಲಿ. ಯಾರಿಗೂ ಹೇಳಿರಲಿಲ್ಲ. ಮುಳುಗುವ ಹಡಗಿನಿಂದ ಮೊದಲು ಹಾರಿದವಳು ಎನ್ನಿಸಿಕೊಳ್ಳಲು ನಾಚಿಕೆಯಾಗಿತ್ತು.

"ಆಗಲ್ಲ ಅಕ್ಕ. ಮಗೂನ ಡೇಕೇರಿಂದ ಕರ್ಕೊಂಡ್ ಬರ್ಬೇಕು. ಜ್ವರ ಅಂತ ಫೋನ್ ಮಾಡಿದ್ರು."

"ಅಯ್ಯೋ, ಮೊದ್ಲು ಹೋಗು," ಎಂದಿದ್ದಳು ವಾಣಿಶ್ರೀ. "ಕುಶಲ್‌ಗೆ ತಣ್ಣೀರಿನ ಬಟ್ಟೆ ಹಾಕು. ನಾನು ಸಂಜೆ ತೋರಿಸ್ಕೊತೀನಿ."

ಕುಶಲ್ ಆರಾಮಾಗಿ ಮನೆಯಲ್ಲಿ ಅಜ್ಜಿಯ ಹತ್ತಿರ ಇದ್ದ. ರಮಾ ಸೇತುವೆ ದಾಟುವಾಗ ಎರಡು ಸಲ ವಾಪಸು ಹೋಗೋಣವೇ ಎಂದುಕೊಂಡಳು. ಸೇತುವೆಯ ಮೇಲೆ ಕಾರು ತಿರುಗಿಸಲು ಬರುವುದಿಲ್ಲ ಎಂಬುದು ಆಗ ಒಂದು ಸಮಾಧಾನದಂತೆ ಇತ್ತು.

ವಾಣಿಶ್ರೀ ಸಂಜೆಯೂ ತೋರಿಸಿಕೊಳ್ಳಲಿಲ್ಲ, ಶುಕ್ರವಾರವೂ ತೋರಿಸಿಕೊಳ್ಳಲಿಲ್ಲ. ಶುಕ್ರವಾರ ರಮಾ ರಜೆ ಹಾಕಿದ್ದಳು. ಜ್ವರದ ಸುಳ್ಳನ್ನು ಇನ್ನೊಂದು ದಿನಕ್ಕೆ ಎಳೆಯಬೇಕಿತ್ತಲ್ಲ. ಶನಿವಾರ ಬೆಳಿಗ್ಗೆ ವಾಣಿಶ್ರೀ ಬಚ್ಚಲಿನಲ್ಲಿ ಬಿದ್ದಳು. ಜಯರಾಮ್ ಆಫೀಸಿಗೆ ಹೋಗಿದ್ದ. ಸೋಮವಾರ ರಮಾಳಿಗೆ ಕೆಲಸ ಸಿಕ್ಕಿತೆಂದು ಫೋನು ಬಂತು.

*

ಭಾಷಣ ಮುಗಿದು ಜನ ಸಾಲಾಗಿ ಹೂವು ಹಾಕುತ್ತಿದ್ದರು. ಬಂಗಾರೆವ್ವ ನಾಲ್ಕು ಕಾಲಿನ ಊರುಗೋಲು ಊರುತ್ತ ಎಲ್ಲರಿಗಿಂತ ಹಿಂದೆ ಬಂದಳು. ಬಾಗಲಕೋಟೆಯ ಕಡೆಯ ಮುದುಕಿ. ಮಗನ ಮನೆಗೆ ಬಂದ ಎರಡನೇ ತಿಂಗಳಲ್ಲಿ ಎಡಗಡೆಗೆ ಲಕ್ವ ಹೊಡೆದಿತ್ತು. ಹೂವು ಹಾಕಿ ಬಂದು ರಮಾಳ ಪಕ್ಕದ ಕುರ್ಚಿಯಲ್ಲಿ ಕೂತಳು. ಇನ್ನೊಂದು ಪಕ್ಕದಲ್ಲಿ ನಿಸರ್ಗಾ ಇದ್ದಳು.

"ಗುರುವಾರ ನನ್ನ ಹನ್ನೊಂದು ಹೆಜ್ಜಿ ನಡಿಸಿದ್ಲು ನೋಡವ್ವಾ, ಕಂಬಿ ಹಿಡೀಲಾರದ," ಎಂದಳು ಹೆಮ್ಮೆಯಿಂದ. "ತಾನೂ ಕುಂಟಿಕೋತನ ನನ್ನ ಜೋಡಿ ನಡದ್ಲು. ನೀ ಕುಂಡ್ರು ಯವ್ವಾ, ಬ್ಯಾರೇದವರು ನೋಡ್ತಾರ ಅಂದ್ನಿ. ಇವತ್ತ ಯಾರೂ ಇಲ್ಲ, ರಮಾನ ಕೂಸಿಗೆ ಜ್ವರ ಬಂದಾವ ಅಂದ್ಲು." ಮುದುಕಿ ರಮಾಳ ಮೊಣಕೈ ಮುಟ್ಟಿದಳು. "ಕೂಸು ಈಗ ಆರಾಮ ಐತೇನವ್ವಾ?"

ನಿಸರ್ಗಾ ಕನ್ನಡ ಆಡುವುದು ಕಡಿಮೆ, ಆದರೆ ಒಂದು ಮಾತೂ ಅವಳಿಗೆ ತಪ್ಪುತ್ತಿರಲಿಲ್ಲ. ಅವಳು ನಿಧಾನವಾಗಿ ಈ ಕಡೆ ತಿರುಗಿದಳು.

"ರಮಾ ಆಂಟಿ. ಯು ಸಾ ಹರ್ ಲೆಗ್?"

"ನೋಡಿದೆ."

"ಅಮ್ಮ... ಹೆಲ್ಪ್ ಕೇಳಿದ್ಲಾ?"

ಜ್ವರ ಎಂದುಬಿಡಬಹುದಿತ್ತು. ಸತ್ತವಳೇ ಅದನ್ನು ನಂಬಿದ್ದಳು, ಮುದುಕಿ ಸಾಕ್ಷಿಗೆ ಕೂತಿದ್ದಳು.

"ಕೇಳಿದ್ರು. ಮಗೂಗೆ ಜ್ವರ ಅಂದೆ. ಸುಳ್ಳು. ನಂಗೆ ಒಂದು ಜಾಬ್ ಇಂಟರ್‌ವ್ಯೂ ಇತ್ತು."

ನಿಸರ್ಗಾ ಬೈದಿದ್ದರೆ ರಮಾ ಅಳಬಹುದಿತ್ತು.

"ಡಿಡ್ ಯು ಗೆಟ್ ಇಟ್?"

"ಹ್ಞೂಂ."

"ಗುಡ್ ಫಾರ್ ಯು," ಎಂದು ನಿಸರ್ಗಾ ಎದ್ದು ಅಪ್ಪನ ಹತ್ತಿರ ಹೋದಳು.

ದಹನದ ಕೋಣೆಗೆ ಮನೆಯವರಷ್ಟೇ ಹೋಗಬಹುದಿತ್ತು. ತೆರೆದ ಬಾಗಿಲಿನಿಂದ ರಮಾಳಿಗೆ ಕಂಡಿತು: ಪುರೋಹಿತರು ಒಲೆ ಹೊತ್ತಿಸುವ ಸ್ವಿಚ್ಚು ತೋರಿಸಿದರು, ಜಯರಾಮ್ ಬೆರಳು ಚಾಚಿ ಹಿಂದಕ್ಕೆ ತೆಗೆದುಕೊಂಡ. ನಿಸರ್ಗಾ ಒತ್ತಿದಳು. ಒಳಗೆಲ್ಲೋ ದೊಡ್ಡ ಮೋಟಾರು ಚಾಲೂ ಆದ ಸದ್ದು ಬಂತು. ಮುಂದಿನ ಹೆಣದವರು ಆಗಲೇ ಹೂವಿನ ಸ್ಟ್ಯಾಂಡು ಹಿಡಿದು ಹಾಲಿನ ಬಾಗಿಲಿಗೆ ಬಂದಿದ್ದರು.

ಹೊರಗೆ ಬಿಸಿಲು ಚುರುಕಾಗಿತ್ತು. ಬಂಗಾರೆವ್ವನ ಮಗ ಕಾರು ತರಲು ಹೋಗಿದ್ದ. ಮುದುಕಿ ಮೆಟ್ಟಿಲ ಮೇಲೆ ನಿಂತಿದ್ದಳು.

"ಬರೂ ಗುರುವಾರ ನಾ ಎಲ್ಲಿಗಿ ಬರಬೇಕವ್ವಾ?" ಎಂದು ಕೇಳಿದಳು.

ರಮಾಳ ಹೊಸ ಕ್ಲಿನಿಕ್ಕು ಈ ಮುದುಕಿಯ ಮನೆಯಿಂದ ಐದು ನಿಮಿಷದ ದಾರಿ. ಅಲ್ಲಿ ಒಳಗೆ ಕಾಲಿಡುವ ಮುಂಚೆ ಇನ್ಶೂರೆನ್ಸ್ ಕಾರ್ಡು ಕೇಳುತ್ತಾರೆ. "ವಾಣಕ್ಕ ಪತ್ರ ಬರ್ದಿಟ್ಟಿದ್ರೇನೋ ಬಂಗಾರೆವ್ವ, ಹುಡುಕ್ತೀನಿ," ಎನ್ನುತ್ತ ರಮಾ ಅವಳನ್ನು ಮೆಟ್ಟಿಲಿಳಿಸಲು ಕೈ ಮುಂದೆ ಮಾಡಿದಳು.

"ಐ ಹ್ಯಾವ್ ಹರ್," ಎಂದು ನಿಸರ್ಗಾ ನಡುವೆ ಬಂದಳು. ರಮಾಳ ಕಡೆ ನೋಡಲಿಲ್ಲ.

ಅವಳು ಹಿಡಿದದ್ದು ಬಲಗೈಯನ್ನು, ಊರುಗೋಲಿದ್ದ ಗಟ್ಟಿ ಕೈಯನ್ನು. ಹಾಗೆ ಹಿಡಿದರೆ ಮುದುಕಿ ಬೀಳುತ್ತಾಳೆ. ಬಂಗಾರೆವ್ವ ಒಂದು ಕ್ಷಣ ತಡೆದು, ಬೇಸರವಿಲ್ಲದೆ, ಹೆಜ್ಜೆ ಹೆಜ್ಜೆಯಾಗಿ ಅಲ್ಲೇ ತಿರುಗಿ ತನ್ನ ಲಕ್ವ ಹೊಡೆದ ಎಡಗೈಯನ್ನು ಹುಡುಗಿಯ ಮುಂದೆ ತಂದಳು. ಬೆರಳುಗಳು ಅಂಗೈಯೊಳಕ್ಕೆ ಬಿಗಿಯಾಗಿ ಮಡಚಿಕೊಂಡಿದ್ದವು. ನಿಸರ್ಗಾ ಅವನ್ನು ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದಾಗಿ ಬಿಡಿಸತೊಡಗಿದಳು. ಬಿಟ್ಟ ಬೆರಳು ಮತ್ತೆ ಮಡಚಿಕೊಳ್ಳುತ್ತಿತ್ತು. ಅವಳು ಮತ್ತೆ ಬಿಡಿಸುತ್ತಿದ್ದಳು. ಹಿಂದೆ ಕಾರು ಬಂದು ನಿಂತು ಹಾರ್ನ್ ಮಾಡಿತು. ಇಬ್ಬರೂ ತಲೆಯೆತ್ತಲಿಲ್ಲ.