ಪುಟ್ಟಲಕ್ಷ್ಮಿಯ ಕತ್ತಿನ ಗಂಟು

ಪುಟ್ಟಲಕ್ಷ್ಮಿಯ ಬಲಗೈ ಬಹಳ ದಿನದಿಂದ ಅವಳ ಮಾತು ಕೇಳುತ್ತಿರಲಿಲ್ಲ. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಬಿಂದಿಗೆ ಹೊತ್ತು ನಲ್ಲಿಯಿಂದ ಮನೆಗೆ ಬರುವಷ್ಟರಲ್ಲಿ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದು ತಣ್ಣಗಾಗುತ್ತಿದ್ದವು. ರೊಟ್ಟಿ ತಟ್ಟುವಾಗ ಹಿಟ್ಟು ಜಾರುತ್ತಿತ್ತು. ಎರಡನೇ ಮಹಾಯುದ್ಧದ ಆ ದಿನಗಳಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸಾಲುಮನೆಗಳಲ್ಲಿ ಕೈನೋವು ಯಾರಿಗಿರಲಿಲ್ಲ? ಅವಳು ಯಾರಿಗೂ ಹೇಳಿರಲಿಲ್ಲ.

ಆದರೆ ಗಂಟನ್ನು ಮುಚ್ಚಿಡಲಾಗಲಿಲ್ಲ. ಒಂದು ದಿನ ಮಗುವಿಗೆ ಹಾಲೂಡಿಸುತ್ತಿದ್ದಾಗ ಅತ್ತೆ ಚೌಡಮ್ಮನ ಕಣ್ಣಿಗೆ ಅದು ಬಿತ್ತು. ಬಲಭುಜದ ಮೂಳೆಯ ಮೇಲೆ, ಕತ್ತಿನ ಬುಡದಲ್ಲಿ, ಅಡಿಕೆಯಷ್ಟು ದಪ್ಪದ ಉಬ್ಬು.

"ಏನೇ ಇದು? ಎಷ್ಟು ದಿನದಿಂದ ಇದೆ?"

"ಗೊತ್ತಿಲ್ಲ ಅತ್ತೆ. ನೋವೇನಿಲ್ಲ."

ಚೌಡಮ್ಮ ಮುಟ್ಟಿ ನೋಡಿದಳು. ಗಟ್ಟಿ ಗಂಟು. ಅವಳ ಮುಖದ ರಕ್ತವೇ ಇಂಗಿಹೋಯಿತು. ಮಗುವನ್ನು ಸೊಸೆಯ ಮಡಿಲಿನಿಂದ ಕಿತ್ತುಕೊಂಡಳು.

"ಗಂಡಮಾಲೆ ಇದು. ಕ್ಷಯದ ಗಂಟು. ಒಲೆ ಹೊಗೆಗೆ ಕೆಮ್ಮು ಅಂತಿದ್ಯಲ್ಲ, ಅದು ಹೊಗೆ ಕೆಮ್ಮಲ್ಲ. ಇನ್ನು ಮಗೂನ ಮುಟ್ಟಬೇಡ."

ಅಂದಿನಿಂದ ಪುಟ್ಟಲಕ್ಷ್ಮಿಗೆ ಹಿತ್ತಲಿನ ಚಪ್ಪರದಲ್ಲಿ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಗಂಡ ಮೂರ್ತಪ್ಪ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಬಾಗಿಲಲ್ಲೇ ನಿಂತು ಮಾತಾಡಿಸುತ್ತಿದ್ದ. ಅವನಿಗೆ ತಾಯಿಯ ಮಾತು ಮೀರುವ ಧೈರ್ಯವಿರಲಿಲ್ಲ. ಒಳಗೆ ಮಗು ಹಸುವಿನ ಹಾಲು ಒಲ್ಲದೆ ಅಳುತ್ತಿತ್ತು. ಅದು ಅತ್ತಾಗಲೆಲ್ಲ ಪುಟ್ಟಲಕ್ಷ್ಮಿಯ ಎದೆ ತುಂಬಿ ಕುಪ್ಪಸ ನೆನೆಯುತ್ತಿತ್ತು. ಹಾಲು ಹಿಂಡಿ ಕರಿಬೇವಿನ ಗಿಡದ ಬುಡಕ್ಕೆ ಚೆಲ್ಲುತ್ತಿದ್ದಳು. ಕೂತರೆ ಏಳಬೇಕು, ಎದ್ದರೆ ನಡೆಯಬೇಕು. ಗೋಡೆಯಿಂದ ಬೇಲಿಗೆ, ಬೇಲಿಯಿಂದ ಗೋಡೆಗೆ ಅಲೆಯುತ್ತಲೇ ಇದ್ದಳು. ಅಲೆಯುವಾಗಲೂ ಎಡಗೈ ಆ ಗಂಟನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು. ಗಂಟಿನ ಮೇಲೆ ಏನೋ ಮಿಡಿಯುತ್ತಿತ್ತು. ಬದುಕಿರುವ ಹುಳುವೇನೋ ಎಂದು ಅವಳಿಗೆ ಹೆದರಿಕೆ.

ಒಂದು ಬೆಳಿಗ್ಗೆ ಚೌಡಮ್ಮ ಬಂದು ಹೇಳಿದಳು. "ಅಮಾವಾಸ್ಯೆಗೆ ನಾಟಿವೈದ್ಯ ಬೀರಪ್ಪ ಬರ್ತಾನೆ. ಕಬ್ಬಿಣ ಕಾಯಿಸಿ ಗಂಟಿನ ಮೇಲೆ ಬರೆ ಹಾಕ್ತಾನೆ. ಸ್ವಲ್ಪ ಉರಿಯುತ್ತೆ, ತಡ್ಕೋಬೇಕು."

"ಬರೆ ಹಾಕಿದ್ರೆ ಮಗು ಕೊಡ್ತೀರಾ ಅತ್ತೆ?"

"ಗಂಟು ಕರಗಿದ್ರೆ ಕೊಡ್ತೀನಿ."

ಪುಟ್ಟಲಕ್ಷ್ಮಿ ಒಪ್ಪಿಬಿಟ್ಟಳು. ಮಗುವಿಗಾಗಿ ಅವಳು ಕೆಂಡದಲ್ಲೇ ಮಲಗಲು ಸಿದ್ಧಳಿದ್ದಳು.

ಈ ಮಾತನ್ನು ಬೇಲಿಯಾಚೆಯಿಂದ ಕೇಳಿಸಿಕೊಂಡವಳು ಪಕ್ಕದ ಮನೆಯ ಕಾಶಮ್ಮ. ಅವಳ ಗಂಡ ಕರಿಯಣ್ಣನ ಮುಂಗೈ ಹಿಂದಿನ ವರ್ಷ ಕಾರ್ಖಾನೆಯಲ್ಲಿ ಮುರಿದಿತ್ತು. ಕೈಯಲ್ಲಿದ್ದ ಕೆಲಸ ಬಿಟ್ಟು ಅವಳು ನೇರವಾಗಿ ಹಿತ್ತಲಿಗೆ ಬಂದಳು.

"ಚೌಡಕ್ಕ, ಅದು ಗಂಡಮಾಲೆ ಅಂತ ನಿಮಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನನಗೆ ಕಣ್ಣಿಲ್ವಾ?"

"ಕಣ್ಣಿಗೆ ಕಾಣೋದು ಮೇಲಿನ ಚರ್ಮ ಮಾತ್ರ. ನಮ್ಮೋರ ಕೈ ಉಳುಕಿದೆ ಅಂತ ನಾವೂ ಎಣ್ಣೆ ತಿಕ್ಕಿ ಎಳೆದಿದ್ದೇ ಎಳೆದಿದ್ದು. ಕೊನೆಗೆ ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ಎಕ್ಸರೇ ತೆಗೆದ್ರು. ನೋಡಿದ್ರೆ ಮೂಳೆ ಎರಡು ತುಂಡು! ಇವಳನ್ನೂ ಕರ್ಕೊಂಡು ಹೋಗೋಣ. ಕ್ಷಯ ಇದ್ರೆ ಇದೆ ಅಂತಾರೆ, ಇಲ್ದಿದ್ರೆ ಇಲ್ಲ ಅಂತಾರೆ."

"ಬೇಡ ಮಾರಾಯ್ತಿ. ಆ ಬೆಳಕು ಮೈಯೊಳಗೆ ಹೊಕ್ಕು ಎಲುಬು ಸುಡುತ್ತಂತೆ. ಅದರಲ್ಲಿ ಪಟ ತೆಗೆಸ್ಕೊಂಡವರ ಆಯಸ್ಸು ಕಮ್ಮಿಯಂತೆ."

"ನಮ್ಮೋರು ದಿನಾ ಕೆಲಸಕ್ಕೆ ಹೋಗ್ತಿದಾರಲ್ಲ, ನೀವೇ ನೋಡ್ತೀರಿ. ನೋವಿಲ್ಲ, ಉರಿಯಿಲ್ಲ. ಕಾದ ಕಬ್ಬಿಣಕ್ಕೆ ಹೆದರದವರು ಬೆಳಕಿಗೆ ಹೆದರ್ತೀರಲ್ಲ ಚೌಡಕ್ಕ!"

ಚೌಡಮ್ಮ ಮುಖ ತಿರುಗಿಸಿ ಒಳಗೆ ಹೊರಟಳು. ಆದರೆ ಬಾಗಿಲಲ್ಲಿ ನಿಂತಿದ್ದ ಮೂರ್ತಪ್ಪ ಅಷ್ಟೂ ಕೇಳಿಸಿಕೊಂಡಿದ್ದ. ಮೊದಲ ಸಲ ತಾಯಿಗೆ ಎದುರಾಡಿದ.

"ಅವ್ವ, ಅಮಾವಾಸ್ಯೆಗಿಂತ ಮುಂಚೆ ಶಿವಮೊಗ್ಗಕ್ಕೆ ಹೋಗಿ ಬರ್ತೀವಿ. ಡಾಕ್ಟ್ರು ಕ್ಷಯ ಅಂದ್ರೆ ಆಮೇಲೆ ನೀನು ಹೇಳಿದಂಗೆ."

ಮರುದಿನವೇ ರೈಲು ಹತ್ತಿದರು. ಕಾಶಮ್ಮನೂ ಜೊತೆಗೆ ಬಂದಳು. ಡಾಕ್ಟರ ಮಾತು ತಾನೇ ಕೇಳಬೇಕೆಂದು ಚೌಡಮ್ಮನೂ ಮಗುವನ್ನೆತ್ತಿಕೊಂಡು ಹೊರಟಳು. ಡಬ್ಬಿಯ ಆ ತುದಿಯಲ್ಲಿ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಳು, ಈ ತುದಿಯಲ್ಲಿ ಪುಟ್ಟಲಕ್ಷ್ಮಿ. ಸೆರಗಿನಾಚೆ ಒಂದು ಸಲ ಪುಟ್ಟ ಪಾದ ಕಂಡಿತು. ಶಿವಮೊಗ್ಗ ಬರುವವರೆಗೂ ಅವಳು ಅತ್ತಲೇ ನೋಡುತ್ತಿದ್ದಳು, ಪಾದ ಮತ್ತೆ ಕಾಣಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಗಂಟನ್ನು ಬೆರಳಿನಿಂದ ಒತ್ತಿ ನೋಡಿದರು. ಮಣಿಕಟ್ಟಿನ ನಾಡಿ ಹಿಡಿದು ಕೈ ಮೇಲೆತ್ತಿಸಿದರು, ಕತ್ತು ತಿರುಗಿಸಲು ಹೇಳಿದರು. "ಯಾವ ಬೆರಳು ಜೋಮು ಹಿಡಿಯುತ್ತೆ? ಭಾರ ಹೊತ್ತಾಗ ಹೆಚ್ಚಾಗುತ್ತಾ?" ಎಂದು ಕೇಳಿದರು. ಅಷ್ಟು ದಿನದಲ್ಲಿ ಅವಳ ಕೈಯ ವಿಷಯ ಕೇಳಿದವರು ಅವರೊಬ್ಬರೇ.

ಎಕ್ಸರೇ ಕೋಣೆಯ ಕಿಟಕಿಗಳಿಗೆ ಕಪ್ಪು ಪರದೆ. ನಡುವೆ ಕಬ್ಬಿಣದ ದೊಡ್ಡ ಯಂತ್ರ. ಪುಟ್ಟಲಕ್ಷ್ಮಿ ಬಾಗಿಲಲ್ಲೇ ನಿಂತುಬಿಟ್ಟಳು.

"ಬಸುರಿ ಅಲ್ಲ ತಾನೇ?" ಡಾಕ್ಟರು ಕೇಳಿದರು.

"ಅಲ್ಲ ಸ್ವಾಮಿ. ಬಾಣಂತಿ."

"ಸರಿ, ಇಲ್ಲಿ ನಿಂತ್ಕೊಳ್ಳಮ್ಮ. ಯುದ್ಧದ ಕಾಲ, ಫಿಲ್ಮು ಸಿಗೋದೇ ಕಷ್ಟ. ನಾನು ಹೇಳಿದಾಗ ಉಸಿರು ಬಿಗಿ ಹಿಡಿದು ಅಲ್ಲಾಡದೆ ನಿಲ್ಲಬೇಕು. ಅಲ್ಲಾಡಿದ್ರೆ ಪಟ ಕಲಸಿಹೋಗುತ್ತೆ."

ಅವಳು ತಲೆಯಾಡಿಸಿದಳು. ಡಾಕ್ಟರು "ಹೂಂ, ಹಿಡಿ" ಎಂದರು. ಸರಿಯಾಗಿ ಆಗಲೇ ಹೊರಗೆ ಮಗು ಕಿಟಾರನೆ ಕಿರುಚಿಕೊಂಡಿತು.

ಪುಟ್ಟಲಕ್ಷ್ಮಿಯ ಮೈಯೆಲ್ಲ ಆ ಕೂಗಿನ ಕಡೆ ಎಳೆಯಿತು. ಹಾಲು ಇಳಿದು ಎದೆ ಬಿಗಿಯಿತು. ಹಲ್ಲು ಕಚ್ಚಿ ನಿಂತಳು. ಯಂತ್ರ ಗುಂಯ್ ಎಂದಿತು, ಮಗು ಮತ್ತೆ ಕಿರುಚಿತು. ಅವಳು ಕದಲಲಿಲ್ಲ, ಉಸಿರಾಡಲಿಲ್ಲ.

"ಆಯ್ತು, ಉಸಿರು ಬಿಡಮ್ಮ."

ಅಷ್ಟೇ. ನೋಯಲಿಲ್ಲ, ಸುಡಲಿಲ್ಲ. ಅವಳಿಗೆ ಅಳು ಬಂತು.

ಮಧ್ಯಾಹ್ನ ಫಿಲ್ಮು ಒಣಗಿದ ಮೇಲೆ ಡಾಕ್ಟರು ಎಲ್ಲರನ್ನೂ ಒಳಗೆ ಕರೆದು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಈ ಎರಡು ಕಪ್ಪು ಜಾಗ ಶ್ವಾಸಕೋಶ. ಶುದ್ಧವಾಗಿದೆ. ಕ್ಷಯದ ಕಲೆ ಇಲ್ಲ. ಈಗ ಇಲ್ಲಿ ನೋಡಿ, ಬೆಳ್ಳಗೆ ಬಾಗಿರೋದು ಪಕ್ಕೆಲುಬುಗಳು. ಎಲ್ಲರಿಗೂ ಹನ್ನೆರಡು ಜೊತೆ ಇರುತ್ತೆ. ಇವರಿಗೆ ಕತ್ತಿನ ಬಲಗಡೆ ಒಂದು ಹೆಚ್ಚಿಗೆ ಇದೆ. ನಿಮ್ಮ ಕೈಗೆ ಸಿಕ್ಕಿದ ಗಂಟು ಅದೇ, ಮೂಳೆ."

ಚೌಡಮ್ಮ ಬೆಚ್ಚಿದಳು. "ಹೆಚ್ಚಿಗೆ ಮೂಳೆನಾ? ಅದು ಮನೆಗೆ ಕೇಡಲ್ವಾ ಸ್ವಾಮಿ?"

"ಕೆಲವರಿಗೆ ಆರು ಬೆರಳಿರಲ್ವಾ ಅಮ್ಮ? ಇದೂ ಹಾಗೇ, ಹುಟ್ಟಿನಿಂದ ಬಂದದ್ದು. ರೋಗ ಅಲ್ಲ, ಮಗುವಿಗೆ ಅಂಟೋದೂ ಇಲ್ಲ. ಎಷ್ಟೋ ಜನಕ್ಕೆ ಇದು ಇದ್ದರೂ ಸಾಯೋವರೆಗೂ ಗೊತ್ತೇ ಆಗಲ್ಲ. ಇವರಿಗೆ ಮಾತ್ರ ಅದು ಕೈಗೆ ಹೋಗೋ ನರಾನ ಒತ್ತುತ್ತಿದೆ. ಅದಕ್ಕೇ ಜೋಮು."

"ಅಮಾವಾಸ್ಯೆಗೆ ಗಂಟಿನ ಮೇಲೆ ಬರೆ ಹಾಕಿಸ್ಬೇಕು ಅಂತಿದ್ರು ಸ್ವಾಮಿ," ಎಂದಳು ಕಾಶಮ್ಮ.

ಡಾಕ್ಟರು ಫಿಲ್ಮು ಕೆಳಗಿಟ್ಟರು. "ಅಲ್ಲಿ ಮಿಡಿಯೋದು ಕೈಗೆ ರಕ್ತ ಒಯ್ಯೋ ದೊಡ್ಡ ನಾಳ. ಚರ್ಮದ ಕೆಳಗೇ ಇದೆ. ಅದರ ಮೇಲೆ ಕಾದ ಕಬ್ಬಿಣ ಇಡೋದಾ? ಹುಣ್ಣಾಗಿ ಕೀವು ತುಂಬಿದ್ರೆ ಪ್ರಾಣಕ್ಕೇ ಅಪಾಯ."

ಚೌಡಮ್ಮ ಗೋಡೆ ಹಿಡಿದು ಕುಸಿದು ಕೂತಳು. "ನನ್ನ ಮಗಳು ವಿಶಾಲೂಗೂ ಕತ್ತಲ್ಲಿ ಗಂಟಿತ್ತು ಸ್ವಾಮಿ. ಬರೆ ಹಾಕಿಸ್ದೆ. ಒಂದ್ಸಲ ಅಲ್ಲ. ಕೈಕಾಲು ನಾನೇ ಹಿಡ್ಕೊಂಡಿದ್ದೆ. ಉಳಿಲಿಲ್ಲ. ತಡ ಮಾಡಿದ್ದಕ್ಕೇ ಹೋದ್ಲು ಅಂದ್ಕೊಂಡಿದ್ದೆ. ಅವಳದ್ದೂ ಮೂಳೆನಾ?"

ಡಾಕ್ಟರು ಅವಳ ಎದುರು ಬಾಗಿ ಹೇಳಿದರು. "ಗೊತ್ತಿಲ್ಲ ಅಮ್ಮ. ನೋಡದೆ ಹೇಳೋಕಾಗಲ್ಲ. ನಾನೂ ಹೇಳೋಕಾಗಲ್ಲ, ಯಾರೂ ಹೇಳೋಕಾಗಲ್ಲ."

ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ವಿಶಾಲುವಿನ ಹೆಸರು ಪುಟ್ಟಲಕ್ಷ್ಮಿಯ ಕಿವಿಗೆ ಬಿದ್ದಿರಲಿಲ್ಲ. ಅತ್ತೆ ಅಂದು ಮಗುವನ್ನು ಯಾಕೆ ಹಾಗೆ ಕಿತ್ತುಕೊಂಡಳೆಂದು ಅವಳಿಗೆ ಈಗ ಅರ್ಥವಾಯಿತು. ಅತ್ತೆಯ ಪಕ್ಕದಲ್ಲಿ ಹೋಗಿ ಕೂತಳು. ಚೌಡಮ್ಮ ಮಗುವನ್ನು ಅವಳ ಮಡಿಲಿಗೆ ಇಟ್ಟಳು. ಮಗು ಒಂದು ಗಳಿಗೆ ಮುಖ ತಿರುಗಿಸಿತು, ತಡಕಾಡಿತು, ಆಮೇಲೆ ಗಬಗಬನೆ ಹಾಲು ಕುಡಿಯತೊಡಗಿತು.

ಡಾಕ್ಟರು ಹೇಳಿದ್ದಿಷ್ಟು: ತಲೆಯ ಮೇಲೆ, ಹೆಗಲ ಮೇಲೆ ಭಾರ ಹೊರಬಾರದು. ಭುಜ ಮೇಲೆತ್ತಿ ಇಳಿಸುವ ಕಸರತ್ತು ದಿನವೂ ಮಾಡಬೇಕು. ಬೆರಳಿನ ಬಲ ಕುಗ್ಗುತ್ತಾ ಬಂದರೆ ತಡಮಾಡದೆ ಬರಬೇಕು, ಆಗ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಬಹುದು.

ಆಪರೇಷನ್ ಬೇಕಾಗಲಿಲ್ಲ. ಜೋಮು ಪೂರ್ತಿ ಹೋಗದಿದ್ದರೂ ಮಳೆಗಾಲ ಮುಗಿಯುವಷ್ಟರಲ್ಲಿ ರೊಟ್ಟಿ ತಟ್ಟುವಷ್ಟು ಕೈ ಸುಧಾರಿಸಿತು. ನೀರು ತರುವ ಕೆಲಸ ಮೂರ್ತಪ್ಪನ ಪಾಲಿಗೆ ಬಂತು. ಗಂಡಸು ಕೊಡ ಹೊರುವುದನ್ನು ಕಂಡು ನಲ್ಲಿಯ ಬಳಿ ಕೆಲವರು ನಕ್ಕರು. "ನಗ್ರಿ, ನಗ್ರಿ. ನನ್ನ ಸೊಸೆ ಮೂಳೆ ನೋಡಿ ಬಂದೋಳು ನಾನು" ಎಂದು ಚೌಡಮ್ಮ ಅವರ ಬಾಯಿ ಮುಚ್ಚಿಸಿದಳು. ಸಾಲುಮನೆಗಳಲ್ಲಿ ಯಾರ ಮಗುವಿಗೆ ಗಂಟು, ಬಾವು ಎಂದು ಕೇಳಿದರೂ ಅವಳೇ ಮೊದಲು ಹೋಗಿ "ರೈಲಿಗೆ ಹೊರಡಿ, ನಾನೂ ಬರ್ತೀನಿ" ಎನ್ನುತ್ತಿದ್ದಳು.

ಓದುತ್ತಿರುವ ಅಕ್ಕ, ಅಣ್ಣ, ಇದು ಹಳೆಯ ಕಾಲದ ಮಾತು ಎಂದುಕೊಳ್ಳಬೇಡಿ. ಇಂದಿಗೂ ಗಂಟು ಕಂಡ ಕೂಡಲೇ ಹೆಸರಿಟ್ಟುಬಿಡುವ ಮನೆಗಳಿವೆ, ಬರೆ ಹಾಕುವ ಕೈಗಳಿವೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಗಂಟು, ಬಾವು, ಕೈಕಾಲು ಜೋಮು ಇದ್ದರೆ ಊಹಿಸುತ್ತಾ ಕೂರಬೇಡಿ, ಸುಡಿಸಬೇಡಿ, ಅವರನ್ನು ಮೂಲೆಗೆ ತಳ್ಳಬೇಡಿ. ಆಸ್ಪತ್ರೆಗೆ ಕರೆದೊಯ್ದು ಪರೀಕ್ಷೆ ಮಾಡಿಸಿ. ಎಕ್ಸರೇ ಬೇಕೆಂದರೆ ಹೆದರಬೇಡಿ, ಬಸುರಿಯಾಗಿದ್ದರೆ ಮಾತ್ರ ಮೊದಲೇ ಹೇಳಿ. ಕ್ಷಯವೇ ಆಗಿದ್ದರೂ ಇಂದು ಅದಕ್ಕೆ ಔಷಧಿಯಿದೆ, ವಾಸಿಯಾಗುತ್ತದೆ. ನಿಮ್ಮ ಮನೆಯ ತಾಯಿ-ಮಗುವನ್ನು ಅಗಲಿಸುವ ಮುಂಚೆ, ದಯವಿಟ್ಟು, ಒಮ್ಮೆ ಒಳಗೆ ನೋಡಿಸಿ.